ಹೋತದ ಡಾಕ್ಟರಿಂದ ನೀಲಿ ಮಾತ್ರೆಯವರೆಗೆ: ಗಂಡಸರು ಬಚ್ಚಿಟ್ಟ ಕಾಯಿಲೆಯ ಚರಿತ್ರೆ

ಅಮೆರಿಕದ ಕನ್ಸಾಸ್ ರಾಜ್ಯದಲ್ಲಿ ಮಿಲ್ಫರ್ಡ್ ಅಂತ ಒಂದು ಸಣ್ಣ ಊರು. ನೂರು ವರ್ಷದ ಹಿಂದೆ ಅಲ್ಲಿನ ಒಂದು ಆಸ್ಪತ್ರೆಗೆ ಸೇರಿದ ದೊಡ್ಡಿ ಇತ್ತು. ದೊಡ್ಡಿಯಲ್ಲಿ ಹೋತಗಳು. ಬಂದ ರೋಗಿ ತನಗೆ ಬೇಕಾದ ಹೋತವನ್ನು ತಾನೇ ಆರಿಸಿಕೊಳ್ಳಬಹುದಿತ್ತು, ನಮ್ಮ ಸಂತೆಯಲ್ಲಿ ಹಲ್ಲು ನೋಡಿ ಬೆನ್ನು ಮುಟ್ಟಿ ಆರಿಸುವ ಹಾಗೆ. ಆಮೇಲೆ ಡಾಕ್ಟರು ಆ ಹೋತದ ಬೀಜ ಕೊಯ್ದು, ರೋಗಿಯ ವೃಷಣದ ಚೀಲದೊಳಗೆ ಇಟ್ಟು ಹೊಲಿಯುತ್ತಿದ್ದ. ಹೋದ ಗಂಡಸ್ತನ ವಾಪಸ್ ಬರುತ್ತದೆ ಅನ್ನುವುದು ಅವನ ಭರವಸೆ. ಶುಲ್ಕ 750 ಡಾಲರ್. ಆ ದುಡ್ಡಿಗೆ ಆಗ ಹೊಸ ಫೋರ್ಡ್ ಕಾರು ಬಂದು ಮೇಲೆ ಚಿಲ್ಲರೆಯೂ ಉಳಿಯುತ್ತಿತ್ತು.

ಆ ಡಾಕ್ಟರ ಹೆಸರು ಜಾನ್ ಬ್ರಿಂಕ್ಲಿ. ಡಾಕ್ಟರ್ ಅನ್ನುವುದು ಹೆಸರಿಗಷ್ಟೇ. ದುಡ್ಡು ಕೊಟ್ಟರೆ ಪದವಿ ಕೊಡುವ ಕಾಲೇಜಿನ ಸರ್ಟಿಫಿಕೇಟು ಅವನದು. ಒಬ್ಬ ರೈತ ತನ್ನ ಹತ್ತಿರ ಬಂದು ಅಳಲು ತೋಡಿಕೊಂಡಿದ್ದರಿಂದ ಇದೆಲ್ಲ ಶುರುವಾಯಿತು ಅಂತ ಅವನೇ ಹೇಳಿಕೊಂಡು ತಿರುಗಿದ. ಆ ರೈತನ ಮನೆಯಲ್ಲಿ ಮುಂದೆ ಗಂಡು ಮಗು ಹುಟ್ಟಿತು. ಅಷ್ಟೇ ಸಾಕಾಯಿತು, ಪತ್ರಿಕೆಗಳು ಮಗುವಿನ ಫೋಟೋ ಹಾಕಿದವು, ಜನ ಸಾಲುಗಟ್ಟಿದರು.

ಇವನ ನಿಜವಾದ ಬುದ್ಧಿವಂತಿಕೆ ಇದ್ದದ್ದು ಕತ್ತಿಯಲ್ಲಲ್ಲ, ಮೈಕಿನಲ್ಲಿ. 1923ರಲ್ಲಿ ಬ್ರಿಂಕ್ಲಿ ಸ್ವಂತ ರೇಡಿಯೋ ಸ್ಟೇಷನ್ ತೆರೆದ. ಹಳ್ಳಿಗರಿಗೆ ಬೇಕಾದ ಹಾಡು, ಪಿಟೀಲು, ಪ್ರವಚನ ಎಲ್ಲ ಅದರಲ್ಲಿ ಬರುತ್ತಿತ್ತು. ನಡುನಡುವೆ ಡಾಕ್ಟರ ಕಾರ್ಯಕ್ರಮ. ಕೇಳುಗರು ಬರೆದ ಕಾಗದ ಓದುವುದು, ರೋಗಿಯ ಮುಖವನ್ನೇ ನೋಡದೆ ಇಂಥ ನಂಬರಿನ ಔಷಧಿ ತಗೊಳ್ಳಿ ಅನ್ನುವುದು. ಆ ನಂಬರಿನ ಔಷಧಿ ಅವನೊಂದಿಗೆ ಒಪ್ಪಂದ ಮಾಡಿಕೊಂಡ ಅಂಗಡಿಗಳಲ್ಲಿ ಮಾತ್ರ. ಪ್ರತಿ ಬಾಟಲಿಗೂ ಅವನಿಗೆ ಕಮಿಷನ್. ಈಗ ಫೋನಿನಲ್ಲಿ ಬರುವ ವಿಡಿಯೋ ನೋಡಿ, 'ಕೆಳಗಿನ ನಂಬರಿಗೆ ಕರೆ ಮಾಡಿ, ಹೆಸರು ಗುಟ್ಟಾಗಿ ಇಡುತ್ತೇವೆ' ಅನ್ನುವ ಮಾತು ಕೇಳಿದ್ದೀರಲ್ಲ, ಅದರ ಮುತ್ತಜ್ಜ ಇವನೇ.

1930ರಲ್ಲಿ ಕನ್ಸಾಸ್‌ನ ವೈದ್ಯಕೀಯ ಮಂಡಳಿ ವಿಚಾರಣೆ ನಡೆಸಿತು. ಅವನೇ ಸಹಿ ಹಾಕಿದ 42 ಮರಣಪತ್ರಗಳು ಹೊರಬಂದವು. ಸತ್ತವರಲ್ಲಿ ಎಷ್ಟೋ ಜನ ಆಸ್ಪತ್ರೆ ಮೆಟ್ಟಿಲು ಹತ್ತುವಾಗ ಗಟ್ಟಿಮುಟ್ಟಾಗಿಯೇ ಇದ್ದವರು. ವೈದ್ಯ ಲೈಸೆನ್ಸ್ ಹೋಯಿತು, ರೇಡಿಯೋ ಲೈಸೆನ್ಸ್ ಹೋಯಿತು. ಅವನೇನು ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಗವರ್ನರ್ ಚುನಾವಣೆಗೆ ನಿಂತ, ಗೆಲುವಿನ ಹತ್ತಿರಕ್ಕೇ ಬಂದ! ಆಮೇಲೆ ಮೆಕ್ಸಿಕೋ ಗಡಿಯ ಆಚೆ ಇನ್ನೂ ದೊಡ್ಡ ರೇಡಿಯೋ ಗೋಪುರ ಎಬ್ಬಿಸಿದ. ಕೊನೆಗೆ ತನ್ನನ್ನು ನಕಲಿ ಅಂದ ಒಬ್ಬ ವೈದ್ಯ ಸಂಪಾದಕರ ಮೇಲೆ ತಾನೇ ಮಾನನಷ್ಟ ಮೊಕದ್ದಮೆ ಹೂಡಿ, 1939ರಲ್ಲಿ ಅದನ್ನೂ ಸೋತ. ರೋಗಿಗಳ ಮೊಕದ್ದಮೆಗಳು ಮುತ್ತಿಕೊಂಡವು. 1942ರಲ್ಲಿ ದಿವಾಳಿಯಾಗಿ ಸತ್ತ.

ಹೋತದ ಬೀಜ ಮನುಷ್ಯನ ಮೈಯಲ್ಲಿ ಬೇರು ಬಿಡುವುದಿಲ್ಲ. ರಕ್ತ ಸಂಪರ್ಕವೇ ಇಲ್ಲದ ಆ ತುಂಡನ್ನು ದೇಹ ಪರಕೀಯ ಅಂತ ಗುರುತಿಸಿ ಕರಗಿಸಿಬಿಡುತ್ತದೆ, ಕೆಲವರಿಗೆ ಕೀವು ಕಟ್ಟುತ್ತದೆ. ಹಾಗಿದ್ದರೂ ಸಾವಿರಾರು ಜನ ವಾಸಿಯಾಯಿತು ಅಂದರಲ್ಲ, ಯಾಕೆ? ಒಂದು, ಧೈರ್ಯ ಬಂದರೆ ಕೆಲವರಿಗೆ ನಿಜವಾಗಿಯೂ ಸರಿಹೋಗುತ್ತದೆ. ಇನ್ನೊಂದು, ವಾಸಿಯಾಗದವನು ಹೊರಗೆ ಬಂದು 'ನಾನು ಹೋತದ ಬೀಜ ಹಾಕಿಸಿಕೊಂಡೆ, ಆದರೂ ಆಗಲಿಲ್ಲ' ಅಂತ ಊರಿಗೆ ಸಾರುತ್ತಾನೆಯೇ? ಈ ಕಾಯಿಲೆಯಲ್ಲಿ ಮೋಸ ಹೋದವನು ದೂರು ಕೊಡುವುದಿಲ್ಲ. ಇಡೀ ವ್ಯಾಪಾರ ನಿಂತಿರುವುದೇ ಆ ಮೌನದ ಮೇಲೆ.

ನಾವು ಈ ಕಥೆ ಹೇಳುತ್ತಿರುವುದು ಅಮೆರಿಕದವರನ್ನು ನೋಡಿ ನಗಲಿಕ್ಕಲ್ಲ. ನಮ್ಮ ಬಸ್ ನಿಲ್ದಾಣದ ಶೌಚಾಲಯದ ಗೋಡೆ ನೋಡಿ. ಜಾತ್ರೆ ಬಯಲಿನ ಅಂಚಿನಲ್ಲಿ, ಹೆದ್ದಾರಿ ಬದಿಯಲ್ಲಿ ಬೇರು-ನಾರು ಹರವಿಕೊಂಡ ಟೆಂಟು ನೋಡಿ. 'ಗುಪ್ತರೋಗ', 'ನರ ದೌರ್ಬಲ್ಯ', 'ಮದುವೆಗೆ ಮುಂಚೆ, ಮದುವೆಯ ನಂತರ'. ವರದಿಗೆ ಅಂತ ತಾಲ್ಲೂಕು ಸುತ್ತುವ ನಮಗೆ ಬೋರ್ಡಿನ ಊರು ಬದಲಾಗುತ್ತದೆ, ಅಕ್ಷರ ಬದಲಾಗುವುದಿಲ್ಲ.

ಹಾಗಂತ ಹಿಂದಿನವರಿಗೆ ಏನೂ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ವಾಜಿ ಅಂದರೆ ಕುದುರೆ. ಟೆಂಟಿನವರು ಈ ಕುದುರೆಯನ್ನು ಮಾತ್ರ ಹಿಡಿದುಕೊಂಡಿದ್ದಾರೆ, ಉಳಿದದ್ದನ್ನು ಬಿಟ್ಟಿದ್ದಾರೆ. ಚರಕ ಸಂಹಿತೆ ಈ ತೊಂದರೆಯನ್ನು ಕ್ಲೈಬ್ಯ ಅಂತ ಕರೆದು ನಾಲ್ಕು ಬಗೆ ಮಾಡುತ್ತದೆ: ಬೀಜ ಕೆಟ್ಟು ಬಂದದ್ದು, ಅಂಗಕ್ಕೇ ರೋಗ ತಗಲಿ ಬಂದದ್ದು, ಮುಪ್ಪಿನಿಂದ ಬಂದದ್ದು, ಶುಕ್ರ ಕ್ಷಯದಿಂದ ಬಂದದ್ದು. ಸುಶ್ರುತ ಆರು ಬಗೆ ಹೇಳುತ್ತಾನೆ, ಅದರಲ್ಲಿ ಮನಸ್ಸಿನಿಂದ ಬರುವುದೂ ಒಂದು. ಮನಸ್ಸು ನೊಂದಾಗ, ಇಷ್ಟವಿಲ್ಲದ ಕೂಟದಲ್ಲಿ ಹೀಗಾಗುತ್ತದೆ ಅನ್ನುತ್ತಾನೆ. ಹುಟ್ಟಿನಿಂದಲೇ ಬಂದ ಬಗೆ ವಾಸಿಯಾಗದು ಅಂತಲೂ ಹೇಳುತ್ತಾನೆ. ಗಮನಿಸಿ, ಎಲ್ಲರಿಗೂ ಒಂದೇ ಪುಡಿ, ಎಲ್ಲರಿಗೂ ನೂರಕ್ಕೆ ನೂರು ಗ್ಯಾರಂಟಿ ಅನ್ನುವ ಮಾತು ಆ ಗ್ರಂಥಗಳದ್ದಲ್ಲ.

ಯುರೋಪಿನಲ್ಲಿ ಇದು ವೈದ್ಯರ ಮನೆಗಿಂತ ಹೆಚ್ಚಾಗಿ ಕೋರ್ಟಿಗೆ ಹೋಯಿತು. ಕ್ರೈಸ್ತ ಮದುವೆ ಮುರಿಯಲು ಅಲ್ಲಿ ದಾರಿಗಳು ಬಹಳ ಕಡಿಮೆ. ಗಂಡ ಕೂಡಲಾರ ಅಂತ ಸಾಬೀತಾದರೆ ಮದುವೆ ಆಗೇ ಇಲ್ಲ ಅಂತ ರದ್ದು ಮಾಡಬಹುದಿತ್ತು. ಸಾಬೀತು ಮಾಡುವುದು ಹೇಗೆ? ಫ್ರಾನ್ಸಿನಲ್ಲಿ 16 ಮತ್ತು 17ನೇ ಶತಮಾನಗಳಲ್ಲಿ ಒಂದು ವಿಚಿತ್ರ ಪರೀಕ್ಷೆ ನಡೆಯುತ್ತಿತ್ತು. ಗಂಡ-ಹೆಂಡತಿ ಪರದೆ ಎಳೆದ ಮಂಚದಲ್ಲಿ ಮಲಗಬೇಕು, ವೈದ್ಯರು ಸೂಲಗಿತ್ತಿಯರು ಪಕ್ಕದಲ್ಲೇ ಕಾದಿರಬೇಕು, ಆಮೇಲೆ ಪರೀಕ್ಷಿಸಿ ವರದಿ ಕೊಡಬೇಕು.

ಲಾಂಜೇ ಎಂಬ ಜಮೀನ್ದಾರ ಕುಲದ ಯುವಕನ ಮೇಲೆ ಹೆಂಡತಿಯ ಕಡೆಯವರು ಇದೇ ಆರೋಪ ಹೊರಿಸಿದರು. ಆತ ರೋಷದಿಂದ ತಾನೇ ಈ ಪರೀಕ್ಷೆ ಕೇಳಿದ. ಪ್ಯಾರಿಸಿನ ಜನ ಬೀದಿಯಲ್ಲಿ ನಿಂತು ಕಾದರು. ಒಳಗೆ ಆತನಿಂದ ಆಗಲಿಲ್ಲ. 1659ರಲ್ಲಿ ಮದುವೆ ರದ್ದಾಯಿತು, ಇನ್ನೊಂದು ಮದುವೆ ಆಗಕೂಡದು ಅಂತಲೂ ತೀರ್ಪಾಯಿತು. ಆತ ತೀರ್ಪನ್ನು ಲೆಕ್ಕಿಸದೆ ಮತ್ತೊಬ್ಬಳನ್ನು ಮದುವೆಯಾದ. ಏಳು ಮಕ್ಕಳಾದವು. ಕೋರ್ಟಿಗೆ ಮುಖವಿಲ್ಲದಂತಾಯಿತು, 1677ರಲ್ಲಿ ಪ್ಯಾರಿಸಿನ ನ್ಯಾಯಸಭೆ ಆ ಪರೀಕ್ಷೆಯನ್ನೇ ನಿಷೇಧಿಸಿತು.

ಮದುವೆಯಾದ ಮೊದಲ ರಾತ್ರಿ ಆಗಲಿಲ್ಲ ಅಂತ ಕಂಗಾಲಾಗುವ ಹುಡುಗರು ಲಾಂಜೇ ಕಥೆ ತಿಳಿದಿರಬೇಕು ಅನ್ನಿಸುತ್ತದೆ ನಮಗೆ. ಮನೆ ತುಂಬ ನೆಂಟರು, ಬಾಗಿಲಾಚೆ ನಗು, ಮೂರು ದಿನದ ನಿದ್ದೆಗೇಡು, ಪರಿಚಯವೇ ಇಲ್ಲದ ಹುಡುಗಿ. ಅದೂ ಒಂದು ಥರದ ಕೋರ್ಟಿನ ಮಂಚವೇ. 1970ರಲ್ಲಿ ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ಸಂಶೋಧಕರು ಇದನ್ನು ವಿವರವಾಗಿ ಬರೆದರು. ಒಮ್ಮೆ ಸೋತ ಗಂಡಸು ಮುಂದಿನ ಸಲ ಹೆಂಡತಿಯ ಜೊತೆ ಇರುವುದಿಲ್ಲ, ಪಕ್ಕದಲ್ಲಿ ನಿಂತು ತನ್ನನ್ನೇ ನೋಡುತ್ತಿರುತ್ತಾನೆ, ಆಗುತ್ತದೋ ಇಲ್ಲವೋ ಅಂತ. ಆ ನೋಟವೇ ಕೆಡಿಸುತ್ತದೆ. ಅವರು ಕೊಟ್ಟ ಉಪಾಯ ಸರಳ. ಕೆಲವು ದಿನ ಕೂಡುವುದು ಬೇಡವೇ ಬೇಡ ಅಂತ ಇಬ್ಬರೂ ಒಪ್ಪಿಕೊಂಡು, ಬರೀ ಮುಟ್ಟುವುದು, ಒಟ್ಟಿಗೆ ಮಲಗುವುದು. ಪರೀಕ್ಷೆಯೇ ಇಲ್ಲದಿದ್ದರೆ ಫೇಲಾಗುವ ಭಯ ಎಲ್ಲಿಯದು.

ಭಯ ಹುಟ್ಟಿಸುವ ಇನ್ನೊಂದು ನಂಬಿಕೆ ನಮ್ಮದೇ ನೆಲದ್ದು. ಇಷ್ಟು ಹನಿ ರಕ್ತ ಸೇರಿ ಒಂದು ಹನಿ ವೀರ್ಯ, ಅದು ಹೋದರೆ ಶಕ್ತಿಯೇ ಹೋಯಿತು ಅನ್ನುವುದು. ಕೆಲವರು ನಲವತ್ತು ಹನಿ ಅನ್ನುತ್ತಾರೆ, ಕೆಲವರು ನೂರು. ಹಾಗೇನೂ ಇಲ್ಲ. ವೀರ್ಯ ರಕ್ತದಿಂದ ಬಟ್ಟಿ ಇಳಿಸಿದ್ದಲ್ಲ, ಎಂಜಲಿನ ಹಾಗೆ ಗ್ರಂಥಿಗಳಲ್ಲಿ ತಯಾರಾಗುತ್ತಲೇ ಇರುವ ದ್ರವ. ಹದಿಹರೆಯದ ಹುಡುಗನಿಗೆ ರಾತ್ರಿ ಸ್ಖಲನವಾದರೆ ಅದು ರೋಗವಲ್ಲ. ಆದರೂ ಇದೇ ಚಿಂತೆಯಿಂದ ಸುಸ್ತು, ನಿದ್ರಾಹೀನತೆ, ಕೊನೆಗೆ ನಿಜವಾದ ಸೋಲು ಇವೆಲ್ಲ ಬರುವುದನ್ನು ನೋಡಿದ ಭಾರತದ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಅದಕ್ಕೆ ಧಾತ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಧಾತ್ ಅಂದರೆ ನಮ್ಮ ಧಾತುವೇ. ಗೋಡೆಯ ಮೇಲಿನ 'ಧಾತು ದೌರ್ಬಲ್ಯ' ಇದೇ.

ಎಲ್ಲವೂ ಮನಸ್ಸಿನದೇ ಅಂತ ಹೇಳಿ ಮುಗಿಸಿದ್ದರೆ ಸುಲಭವಿತ್ತು. ಆ ಕಾಲದ ಹೆಚ್ಚಿನ ವೈದ್ಯರು ಹಾಗೆಯೇ ಹೇಳಿ ಮುಗಿಸಿಬಿಟ್ಟಿದ್ದರು. ಅದನ್ನು ಅಲುಗಾಡಿಸಿದ್ದು ಬ್ರಿಟನ್ನಿನ ಶರೀರಶಾಸ್ತ್ರಜ್ಞ ಗೈಲ್ಸ್ ಬ್ರಿಂಡ್ಲಿ. ಹೆಸರು ನೋಡಿ, ಆ ಹೋತದವನು ಬ್ರಿಂಕ್ಲಿ, ಈತ ಬ್ರಿಂಡ್ಲಿ. ಒಂದಕ್ಷರದ ವ್ಯತ್ಯಾಸ!

1983ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಮೂತ್ರರೋಗ ತಜ್ಞರ ಸಮ್ಮೇಳನ. ಸಂಜೆಯ ಉಪನ್ಯಾಸ, ಆಮೇಲೆ ಔತಣವಿದ್ದುದರಿಂದ ಕೆಲವರು ಹೆಂಡತಿಯರ ಜೊತೆ ಸಿಂಗರಿಸಿಕೊಂಡು ಬಂದಿದ್ದರು. ಬ್ರಿಂಡ್ಲಿ ಮಾತ್ರ ಟ್ರ್ಯಾಕ್ ಸೂಟಿನಲ್ಲಿ ವೇದಿಕೆ ಹತ್ತಿದರು. ಶಿಶ್ನಕ್ಕೆ ರಕ್ತನಾಳ ಸಡಿಲಿಸುವ ಔಷಧಿ ಚುಚ್ಚಿದರೆ ಆಸೆ, ಕಲ್ಪನೆ ಏನೂ ಇಲ್ಲದೆಯೂ ಅದು ನಿಮಿರುತ್ತದೆ ಅಂತ ಸ್ಲೈಡ್ ತೋರಿಸಿದರು. ಚಿತ್ರ ನೋಡಿ ನಂಬುವುದು ಹೇಗೆ ಅನ್ನುವ ಪ್ರಶ್ನೆ ಅವರಿಗೇ ಬಂದಿರಬೇಕು. ಹೋಟೆಲ್ ಕೋಣೆಯಲ್ಲಿ ತಾವೇ ಚುಚ್ಚಿಕೊಂಡು ಬಂದಿರುವುದಾಗಿ ಹೇಳಿ, ಎಲ್ಲರೆದುರು ಪ್ಯಾಂಟು ಇಳಿಸಿದರು. ಅಷ್ಟಕ್ಕೇ ನಿಲ್ಲದೆ ಸಭಿಕರ ನಡುವೆ ನಡೆದುಬಂದು, ಬೇಕಾದರೆ ಪರೀಕ್ಷಿಸಿ ಅಂದರು. ಮುಂದಿನ ಸಾಲಿನ ಹೆಂಗಸರು ಕಿರುಚಿದಾಗ ಬೇಗ ಬೇಗ ಪ್ಯಾಂಟು ಏರಿಸಿಕೊಂಡು ಮಾತು ಮುಗಿಸಿದರಂತೆ.

ಮರ್ಯಾದೆಗೆಟ್ಟ ಕೆಲಸ ಅಂತ ನಿಮಗೆ ಅನ್ನಿಸಬಹುದು. ಆ ಸಂಜೆ ತಜ್ಞರಿಗೆ ಕಣ್ಣಾರೆ ಕಂಡದ್ದು ಇಷ್ಟು: ಇದು ಬಹಳಷ್ಟು ರಕ್ತನಾಳದ ವಿಷಯ. ಮನಸ್ಸು ಮುಖ್ಯ, ಆದರೆ ಕೊಳಾಯಿ ಸರಿಯಿಲ್ಲದಿದ್ದರೆ ಮನಸ್ಸೊಂದೇ ಏನು ಮಾಡೀತು. ಅದಕ್ಕೂ ಒಂದು ವರ್ಷ ಮೊದಲು ಫ್ರಾನ್ಸಿನ ಶಸ್ತ್ರಚಿಕಿತ್ಸಕ ರೊನಾಲ್ಡ್ ವಿರಾಗ್ ಇದನ್ನೇ ಕಂಡುಕೊಂಡಿದ್ದರು.

ಇದು ನಡೆಯುವ ರೀತಿ ಗದ್ದೆಗೆ ನೀರು ಹಾಯಿಸಿದವರಿಗೆ ಬೇಗ ತಿಳಿಯುತ್ತದೆ. ಶಿಶ್ನದೊಳಗೆ ಸ್ಪಂಜಿನಂಥ ಎರಡು ಕೊಳವೆಗಳಿವೆ, ಮೂಳೆಯಿಲ್ಲ. ಆಸೆ ಹುಟ್ಟಿದಾಗ ನರದ ತುದಿಯಿಂದ, ರಕ್ತನಾಳದ ಒಳಪದರದಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದು ತೂಬು ಎತ್ತುವ ನೀರಗಂಟಿ ಇದ್ದಂತೆ. ನಾಳಗಳು ಸಡಿಲಾಗಿ ರಕ್ತ ನುಗ್ಗುತ್ತದೆ, ಸ್ಪಂಜು ಉಬ್ಬಿ ಹೊರಹೋಗುವ ದಾರಿಯನ್ನು ಒತ್ತಿ ಮುಚ್ಚುತ್ತದೆ. ಕೆಲಸ ಮುಗಿದ ಮೇಲೆ ಇನ್ನೊಂದು ಕಿಣ್ವ ಬಂದು ತೂಬು ಇಳಿಸುತ್ತದೆ. ನೈಟ್ರಿಕ್ ಆಕ್ಸೈಡಿನ ಈ ಕೆಲಸವನ್ನು ಬಯಲಿಗೆ ತಂದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಂತು.

ಅದೇ ವರ್ಷ ಮಾರ್ಚ್ 27ರಂದು ಅಮೆರಿಕದಲ್ಲಿ ವಯಾಗ್ರಾಗೆ ಒಪ್ಪಿಗೆ ಸಿಕ್ಕಿತು. ಅದರ ಒಳಗಿನ ಔಷಧಿ ಸಿಲ್ಡೆನಾಫಿಲ್. ಫೈಜರ್ ಕಂಪನಿ ಅದನ್ನು ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನ ಪ್ರಯೋಗಾಲಯದಲ್ಲಿ ಮಾಡಿದ್ದು ಎದೆನೋವಿಗೆ. ಎದೆನೋವಿಗೆ ಅಂಥ ಉಪಯೋಗ ಕಾಣಲಿಲ್ಲ, ಪ್ರಯೋಗಕ್ಕೆ ಬಂದ ಗಂಡಸರು ಮಾತ್ರ ಸಂಕೋಚದಿಂದ ಬೇರೆಯೇ ಪರಿಣಾಮ ಹೇಳತೊಡಗಿದರು. ತೂಬು ಇಳಿಸುವ ಕಿಣ್ವವನ್ನು ತಡೆಹಿಡಿಯುವುದಷ್ಟೇ ಆ ಮಾತ್ರೆಯ ಕೆಲಸ. ನೀರಗಂಟಿಯೇ ಬರದಿದ್ದರೆ, ಅಂದರೆ ಆಸೆಯೇ ಇಲ್ಲದಿದ್ದರೆ, ಮಾತ್ರೆ ಏನೂ ಮಾಡದು. ವೀರ್ಯ ಹೆಚ್ಚಿಸದು, ಮಕ್ಕಳನ್ನೂ ಕೊಡದು.

ಅಲ್ಲಿಗೆ ಮಾತ್ರೆ ಸಿಕ್ಕಿತು, ಕಥೆ ಮುಗಿಯಿತು ಅಂತ ಎಲ್ಲರೂ ಬರೆಯುತ್ತಾರೆ. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲೆ ತಿಳಿದ ಇನ್ನೊಂದು ಸಂಗತಿ. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಸಕ್ಕರೆ ಕಾಯಿಲೆ, ಬಿಪಿ, ಕೊಬ್ಬು, ಬೀಡಿ-ಸಿಗರೇಟು ನಾಳದ ಒಳಗೋಡೆ ಕೆಡಿಸುವುದು ಮೈಯಲ್ಲೆಲ್ಲ ಒಟ್ಟಿಗೇ, ಆದರೆ ಸಣ್ಣ ಕಾಲುವೆ ಮೊದಲು ಹೂಳುತ್ತದೆ. ಹಾಗಾಗಿ ನಿಮಿರುವಿಕೆಯ ತೊಂದರೆ ಎಷ್ಟೋ ಜನರಲ್ಲಿ ಎದೆನೋವಿಗಿಂತ ಎರಡು-ಮೂರು ವರ್ಷ ಮುಂಚೆಯೇ ಕಾಣಿಸಿಕೊಳ್ಳುತ್ತದೆ. ಹೃದಯ ಕಳಿಸುವ ಮುಂಗಡ ನೋಟಿಸು ಅದು. ನಲವತ್ತೈದರ ಒಬ್ಬ ರೈತ ಆ ನೋಟಿಸನ್ನು ತಗೊಂಡು ಟೆಂಟಿಗೆ ಹೋದರೆ ಅಲ್ಲಿ ಅದನ್ನು ಓದುವವರು ಯಾರೂ ಇಲ್ಲ. ಸಾವಿರಗಟ್ಟಲೆ ಕೊಟ್ಟು ಲೇಹ್ಯ ತರುತ್ತಾನೆ. ಅವನ ಸಕ್ಕರೆ ಎಷ್ಟಿದೆ ಅಂತ ಯಾರೂ ನೋಡಿರುವುದಿಲ್ಲ.

ಲೇಹ್ಯದಲ್ಲಿ ಇನ್ನೊಂದು ಅಪಾಯವಿದೆ. ಗಿಡಮೂಲಿಕೆ ಅಂತ ಮಾರುವ ಇಂಥ ಪುಡಿ-ಗುಳಿಗೆಗಳಲ್ಲಿ ಸಿಲ್ಡೆನಾಫಿಲ್ಲನ್ನೇ ಗುಟ್ಟಾಗಿ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಕರು ಮತ್ತೆ ಮತ್ತೆ ಪತ್ತೆ ಮಾಡಿದ್ದಾರೆ. 'ಒಂದೇ ರಾತ್ರಿಯಲ್ಲಿ ಗುಣ' ಅನ್ನುವ ಪುಡಿಯ ಗುಟ್ಟು ಎಷ್ಟೋ ಸಲ ಇದು. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಥರದ ನೈಟ್ರೇಟ್ ಮಾತ್ರೆ ತಗೊಳ್ಳುವವರ ಮೈಗೆ ಸಿಲ್ಡೆನಾಫಿಲ್ ಸೇರಿದರೆ ಬಿಪಿ ದಿಢೀರನೆ ಕುಸಿದು ಪ್ರಾಣವೇ ಹೋಗಬಹುದು. ಪುಡಿ ತಿಂದವನಿಗೆ ತಾನು ಅದನ್ನು ತಿಂದಿದ್ದೇನೆ ಅಂತಲೇ ಗೊತ್ತಿರುವುದಿಲ್ಲ, ಆಸ್ಪತ್ರೆಯಲ್ಲಿ ಹೇಳುವುದೇನು? ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆಯೂ ಡಾಕ್ಟರ ಚೀಟಿ ಇದ್ದರಷ್ಟೇ ಕೊಡಬೇಕಾದದ್ದು, ಅದಕ್ಕೆ ಕಾರಣವಿದೆ.

ಕಾನೂನು ಇಲ್ಲ ಅಂತಲ್ಲ. 1954ರಲ್ಲೇ ಸಂಸತ್ತು ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಮಾಡಿತು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದೇ ಅದರಡಿ ಅಪರಾಧ, ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು. ಇದು ವಾಕ್ ಸ್ವಾತಂತ್ರ್ಯಕ್ಕೆ ಅಡ್ಡಿ ಅಂತ ಹಮ್ದರ್ದ್ ದವಾಖಾನಾದವರು ಸುಪ್ರೀಂ ಕೋರ್ಟಿಗೆ ಹೋದರು. ಕೆಲವು ಭಾಗ ತೆಗೆದುಹಾಕಿದರೂ, ಇಂಥ ವ್ಯಾಪಾರದ ಜಾಹೀರಾತಿಗೆ ಆ ರಕ್ಷಣೆ ಇಲ್ಲ ಅಂತ ಕೋರ್ಟು 1959ರ ಡಿಸೆಂಬರಿನಲ್ಲಿ ಹೇಳಿತು. ಆ ಕಾಯ್ದೆ ಈಗಲೂ ಜಾರಿಯಲ್ಲಿದೆ. ಶೌಚಾಲಯದ ಗೋಡೆಯೂ ಹಾಗೇ ಇದೆ. ಪತ್ರಿಕೆಗಳ ಕಿರು ಜಾಹೀರಾತು ಪುಟದ ಬಗ್ಗೆ ನಮ್ಮ ವೃತ್ತಿಯವರು ಹೆಚ್ಚು ಮಾತಾಡುವುದಿಲ್ಲ, ಕಾರಣ ಬಿಡಿಸಿ ಹೇಳಬೇಕಿಲ್ಲ.

ಈ ಚರಿತ್ರೆಯಲ್ಲಿ ಹೆಂಗಸಿನ ಪಾಲು ಬರೀ ಬೈಗುಳ. ಗಂಡನಿಂದ ಆಗದಿದ್ದರೆ ಅವಳಿಗೆ ಕಳೆಯಿಲ್ಲ, ಮಕ್ಕಳಾಗದಿದ್ದರೆ ಅವಳು ಬಂಜೆ. ಇವೆರಡೂ ಬೇರೆ ಬೇರೆ ವಿಷಯ. ಚೆನ್ನಾಗಿ ನಿಮಿರುವವನ ವೀರ್ಯದಲ್ಲಿ ವೀರ್ಯಾಣುವೇ ಇಲ್ಲದಿರಬಹುದು, ನಿಮಿರದವನ ವೀರ್ಯಾಣು ಸರಿಯಾಗಿಯೇ ಇರಬಹುದು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಆದರೂ ಹರಕೆ, ಪರೀಕ್ಷೆ, ಆಪರೇಷನ್ ಎಲ್ಲ ಮೊದಲು ಅವಳಿಗೇ.

1992ರ ಡಿಸೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರನ್ನು ಸೇರಿಸಿ ಹಳೆಯ 'ಇಂಪೊಟೆನ್ಸ್' ಶಬ್ದವನ್ನು ಬಿಡಿ ಅಂದಿತು. ಆ ಶಬ್ದಕ್ಕೆ ಶಕ್ತಿಯಿಲ್ಲದವನು ಅನ್ನುವ ಅರ್ಥ. ಅದರ ಬದಲು 'ಎರೆಕ್ಟೈಲ್ ಡಿಸ್‌ಫಂಕ್ಷನ್' ಬಂತು, ಅಂದರೆ ಒಂದು ಅಂಗದ ಒಂದು ಕೆಲಸ ಕೆಟ್ಟಿದೆ ಅಷ್ಟೇ. ಮಂಡಿನೋವು ಬಂದವನನ್ನು ನಾವು ಕಾಲೇ ಇಲ್ಲದವನು ಅನ್ನುವುದಿಲ್ಲವಲ್ಲ. ನಮ್ಮಲ್ಲಿ ಇನ್ನೂ ಷಂಡ, ನಪುಂಸಕ ಅನ್ನುವ ಮಾತೇ ಓಡಾಡುತ್ತಿದೆ, ಸಾಲದ್ದಕ್ಕೆ ಅದರಲ್ಲಿ ಮಂಗಳಮುಖಿಯರನ್ನೂ ಎಳೆದು ಅವಮಾನಿಸುವುದು ಬೇರೆ. ಈ ಬರಹದಲ್ಲಿ ನಾವು ನಿಮಿರುವಿಕೆಯ ತೊಂದರೆ ಅಂತಲೇ ಬರೆದಿದ್ದೇವೆ.

ಈಗ ಡಾಕ್ಟರ ಹತ್ತಿರ ಹೋದರೆ ಕೇಳುವ ಪ್ರಶ್ನೆಗಳು ಬಹಳ ಸಾದಾ. ಎಷ್ಟು ದಿನದಿಂದ? ನಿಧಾನವಾಗಿ ಬಂತೋ, ಒಮ್ಮೆಗೇ ಬಂತೋ? ಬೆಳಗಿನ ಜಾವ ತಾನಾಗಿ ನಿಮಿರುತ್ತದೆಯೋ? ನಿಮಿರುತ್ತಿದ್ದರೆ ಕೊಳಾಯಿ ಸರಿಯಿದೆ, ಚಿಂತೆಯದೇ ಹೆಚ್ಚು ಪಾಲು ಇರಬಹುದು. ಬೀಡಿ, ಕುಡಿತ ಎಷ್ಟು? ಬೇರೆ ಯಾವ ಮಾತ್ರೆ ತಗೊಳ್ಳುತ್ತೀರಿ? ಬಿಪಿಯ, ಮನೋರೋಗದ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಹಾಗಂತ ನೀವೇ ನಿಲ್ಲಿಸಬೇಡಿ, ಡಾಕ್ಟರು ಬೇರೆ ಮಾತ್ರೆ ಬರೆದುಕೊಡುತ್ತಾರೆ. ಸಕ್ಕರೆ, ಬಿಪಿ, ಕೊಲೆಸ್ಟರಾಲ್ ನೋಡುತ್ತಾರೆ, ಬೇಕಾದರೆ ಬೆಳಗಿನ ಹೊತ್ತು ಟೆಸ್ಟೋಸ್ಟೆರಾನ್. ಮಾತ್ರೆ ಕೆಲಸ ಮಾಡದವರಿಗೆ ಪಂಪು, ಚುಚ್ಚುಮದ್ದು, ಒಳಗೆ ಕೂರಿಸುವ ಸಾಧನ, ಹೀಗೆ ಮುಂದಿನ ದಾರಿಗಳಿವೆ.

ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೇಳಿಕೊಳ್ಳುವುದು ಕಷ್ಟ ಅಂತ ನಮಗೂ ಗೊತ್ತು. ಚೀಟಿ ಬರೆಯುವವನು ಸೋದರತ್ತೆಯ ಮಗ, ಆಶಾ ಅಕ್ಕ ಎದುರು ಮನೆಯವಳು, ಹಿಂದೆ ನಿಂತವನು ಗದ್ದೆ ಪಕ್ಕದವನು. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿಗೆ ಹೋಗಿ. ಅದು ಸಕ್ಕರೆ ಮತ್ತು ಬಿಪಿಯವರ ಸಾಲು, ಅಲ್ಲಿ ನಿಂತರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಒಳಗೆ ಹೋದ ಮೇಲೆ ಬಾಯಿ ಬರದಿದ್ದರೆ ಒಂದು ಹಾಳೆಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ, ಜೊತೆಗೆ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ, ಪುಡಿ ತಿನ್ನುತ್ತಿದ್ದರೆ ಆ ಡಬ್ಬಿಯನ್ನೂ.